ಮೇಸ್ತ್ರಿ ಕೂರಿಸಿದ ಸೀಸ

ಪ್ರಣೀತಾ, ಆದೀಶ, ನೀವಿಬ್ಬರೂ ಆ ಮನುಷ್ಯನನ್ನು ನೋಡಿದ್ದೀರಿ. ಆದರೆ ಆಗ ತೀರಾ ಸಣ್ಣವರು, ನೆನಪಿರಲಿಕ್ಕಿಲ್ಲ. ತ್ರಾಸಿಯಲ್ಲಿ ಹೆದ್ದಾರಿಯ ಪಕ್ಕ ಒಂದು ಗ್ಯಾರೇಜು ಇತ್ತು. ಅದರ ಮೇಸ್ತ್ರಿಯ ಕೈ ಮೊಣಕೈವರೆಗೂ ಕಪ್ಪು; ಎಷ್ಟು ಸೋಪು ಹಾಕಿ ತಿಕ್ಕಿದರೂ ಉಗುರಿನ ಸಂದಿಯ ಗ್ರೀಸು ಹೋಗುತ್ತಿರಲಿಲ್ಲ. ಆದರೆ ಅವರ ಅಂಗಾಲು ನೋಡಬೇಕಿತ್ತು. ಬಾಣಂತಿಯ ಅಂಗಾಲಿನ ಹಾಗೆ ಬೆಳ್ಳಗೆ, ಮೆತ್ತಗೆ, ಒಂದು ಬಿರುಕಿಲ್ಲ. ಯಾವುದೇ ಗಾಡಿಯನ್ನು ಓಡಿಸಿ ನೋಡುವ ಮೊದಲು ಅವರು ಬಾವಿಕಟ್ಟೆಗೆ ಹೋಗಿ ಕಾಲಿಗೆ ನೀರು ಸುರಿದುಕೊಂಡು, ಬೈರಾಸಿನಿಂದ ಬೆರಳ ಸಂದಿಯನ್ನೂ ಒರೆಸಿ, ಚಪ್ಪಲಿಯನ್ನು ಹೊರಗೇ ಬಿಟ್ಟು ಹತ್ತುತ್ತಿದ್ದರು. ಗುಡಿಯೊಳಗೆ ಹೋಗುವವರ ಹಾಗೆ.

ಅದನ್ನು ಮೊದಲ ಸಲ ನೋಡಿದಾಗ ನನಗೆ ಭಕ್ತಿ ಬರಲಿಲ್ಲ, ಅನುಮಾನ ಬಂತು. ಇಷ್ಟು ಆಟ ಕಟ್ಟುವವರು ಏನನ್ನೋ ಮುಚ್ಚಿಡುತ್ತಿದ್ದಾರೆ ಅಂದುಕೊಂಡೆ.

ನನ್ನ ಸ್ವಭಾವವೇ ಹಾಗೆ. ನಿಮ್ಮ ಅಮ್ಮನಿಗೆ ಇದು ಗೊತ್ತು, ನಿಮಗೆ ಹೇಳಿರಲಿಕ್ಕಿಲ್ಲ. ನನ್ನ ತವರು ಬ್ರಹ್ಮಾವರದ ಹತ್ತಿರ. ಊರಿನ ಶಾಲೆಯಲ್ಲಿ ಏಳನೆಯವರೆಗೆ ಓದಿದೆ. ಮನೆ ತುಂಬ ಜನ. ನನ್ನ ಅಬ್ಬಿ, ಎಂದರೆ ನನ್ನ ತಾಯಿ, ಮೀನಿನ ತುಂಡನ್ನು ಎಣಿಸಿ ಸಾರಿಗೆ ಹಾಕಿ, ಎಣಿಸಿಯೇ ಬಡಿಸುತ್ತಿದ್ದಳು. ಒಂದು ಕಡಿಮೆಯಾದರೆ ಎಲ್ಲರ ಬಾಯಿ ನೋಡುತ್ತಿದ್ದಳು. ಆ ಗುಣ ನನಗೆ ಬಂತು. ಆದರೆ ಅವಳು ಬಾಯಿಬಿಟ್ಟು ಕೇಳುತ್ತಿದ್ದಳು. ನಾನು ಕೇಳುವವಳಲ್ಲ. ಗಂಡಸರ ಎದುರು ನನ್ನ ಗಂಟಲೇ ಏಳುತ್ತಿರಲಿಲ್ಲ. ಬಾಯಿಬಿಟ್ಟು ಕೇಳದ ಅನುಮಾನ ಹೊಟ್ಟೆಯಲ್ಲೇ ಉಳಿದು ಹುಳಿಯುತ್ತದೆ.

ಬೈಂದೂರಿಗೆ ರೈಲು ಬಂದ ಮೇಲೆ ನಿಮ್ಮ ಅಜ್ಜ ಮೀನಿನ ವ್ಯಾಪಾರ ಬಿಟ್ಟು ಒಂದು ಬಿಳಿ ಕಾರು ತೆಗೆದುಕೊಂಡರು. ಸ್ಟೇಷನ್ನಿನಲ್ಲಿ ಇಳಿದವರನ್ನು ಕೊಲ್ಲೂರಿಗೆ ಕರೆದುಕೊಂಡು ಹೋಗುವುದು, ಮತ್ತೆ ತಂದು ಬಿಡುವುದು. ಉಪ್ಪುಂದದ ನಮ್ಮ ಮನೆ ನಡೆದದ್ದು ಅದರಲ್ಲೇ. ಒಂದು ಮಳೆಗಾಲದಲ್ಲಿ ಅವರು ಕಾಮಾಲೆ ಹಿಡಿದು ಹೋಗಿಬಿಟ್ಟರು. ನಿಮ್ಮ ಅಮ್ಮ ಆಗ ಶಾಲೆಗೆ ಹೋಗುತ್ತಿದ್ದಳು. ಕಾರ್ಯಕ್ಕೆಂದು ಬೊಂಬಾಯಿಯಿಂದ ಬಂದ ಅವರ ತಮ್ಮ, ಎಂದರೆ ನಿಮ್ಮ ಸಣ್ಣಜ್ಜ, ವಾಪಸು ಹೋಗಲಿಲ್ಲ. ಅಲ್ಲಿ ಹೋಟೆಲಿನ ಕೆಲಸ ಇತ್ತು. ಅದನ್ನು ಬಿಟ್ಟು, "ಅತ್ಗಿ, ಟೆನ್ಶನ್ ಮಾಡ್ಬೇಡಿ, ಗಾಡಿ ನಾನ್ ಬಿಡ್ತೆ" ಅಂದು ಅಣ್ಣನ ಸೀಟಿನಲ್ಲಿ ಕೂತರು.

ನನ್ನ ಅಣ್ಣ ಬ್ರಹ್ಮಾವರದಿಂದ ಬಂದವನು ಹೊರಡುವಾಗ ಮೆಟ್ಟಿಲಿನಲ್ಲಿ ನಿಂತು ಒಂದು ಮಾತು ಹೇಳಿ ಹೋದ. "ಬೊಂಬಾಯ್ ಬಿಟ್ಟ್ ಸುಮ್ನೆ ಯಾರಾರೂ ಬತ್ರಾ? ಗಾಡಿ ಮೇಲೆ ಕಣ್ಣಿತ್ತ್. ಜಾಗ್ರತಿ."

ಬೀಜ ಬೀಳಲು ಅಷ್ಟು ಸಾಕಾಯಿತು. ಅವರು ಬೇಗ ಬಂದರೆ ಯಾಕೆ ಬೇಗ, ತಡವಾದರೆ ಎಲ್ಲಿ ಹೋಗಿದ್ದರು. ಚೌತಿಯ ಹೊತ್ತಿಗೆ ಅವರು ನನ್ನನ್ನು ಕೇಳದೆ ನಾಲ್ಕೂ ಟಯರು ಹೊಸದು ಹಾಕಿಸಿ ತಂದರು. ಬೇರೆಯವಳಾಗಿದ್ದರೆ ಒಳ್ಳೆಯದಾಯಿತು ಅನ್ನುತ್ತಿದ್ದಳು. ನಾನು, ಗಾಡಿಯನ್ನು ತನ್ನದೇ ಅಂದುಕೊಂಡಾಗಿದೆ, ಅಂದುಕೊಂಡೆ.

ನವರಾತ್ರಿಯಲ್ಲಿ ಆಯುಧಪೂಜೆ ಬಂತು. ಗಾಡಿ ತೊಳೆಯುವುದು ಯಾವಾಗಲೂ ನಿಮ್ಮ ಅಜ್ಜನ ಕೆಲಸ. ಆ ವರ್ಷ ನಾನೇ ತೊಳೆಯುತ್ತೇನೆ ಅಂದೆ. ತೆಂಗಿನ ನಾರು, ಬೂದಿ ತೆಗೆದುಕೊಂಡು ಒಂದೊಂದೇ ಚಕ್ರ ತಿಕ್ಕಿದೆ. ತಿಕ್ಕುವಾಗ ಚಕ್ರದ ಕಬ್ಬಿಣದ ಅಂಚಿನಲ್ಲಿ ಏನೋ ಕೈಗೆ ಸಿಕ್ಕಿತು. ಕಿರುಬೆರಳಿನ ತುದಿಯಷ್ಟು ಸೀಸದ ತುಂಡು, ಅಂಚಿಗೆ ಕಚ್ಚಿಕೊಂಡು ಕೂತಿತ್ತು. ಅದರ ಮೇಲೆ ಇಪ್ಪತ್ತು ಎಂಬ ಅಂಕಿ. ನಾಲ್ಕು ಚಕ್ರ ಹುಡುಕಿದೆ. ಒಟ್ಟು ಆರು ತುಂಡು. ಎಲ್ಲದರ ಮೇಲೂ ಅಂಕಿ.

ನಮ್ಮ ಕಡೆ ಮಾಟ ಮಾಡಿಸುವವರು ತಗಡಿನಲ್ಲಿ ಅಂಕಿ ಬರೆಸಿ, ಬಾಗಿಲ ಅಡಿಯಲ್ಲೋ ದೋಣಿಯ ಸಂದಿಯಲ್ಲೋ ಹುಗಿಯುತ್ತಾರೆ ಎಂದು ಸಣ್ಣವಳಿದ್ದಾಗಿನಿಂದ ಕೇಳಿದವಳು ನಾನು. ಗಂಡ ಸತ್ತ ವರ್ಷ. ಕೇಳದೆ ಹಾಕಿಸಿದ ಟಯರು. ಅದರಲ್ಲಿ ಅಂಕಿ ಬರೆದ ಸೀಸ. ಬೇರೆ ಸಾಕ್ಷಿ ಯಾಕೆ ಬೇಕು? ಚಿಪ್ಪು ಬಿಡಿಸುವ ಸಣ್ಣ ಕತ್ತಿ ತಂದು ಆರನ್ನೂ ಮೀಟಿ ಮೀಟಿ ತೆಗೆದೆ.  ಬಟ್ಟೆಯಲ್ಲಿ ಕಟ್ಟಿ ಅಕ್ಕಿಯ ಡಬ್ಬಿಯ ಹಿಂದೆ ಇಟ್ಟೆ. ಬ್ರಹ್ಮಾವರಕ್ಕೆ ಹೋದಾಗ ಜೋಯಿಸರಿಗೆ ತೋರಿಸುವ ಯೋಚನೆ. ಆಮೇಲೆ ಏನೂ ಆಗದವಳ ಹಾಗೆ ಚಕ್ರಗಳಿಗೆ ಅರಸಿನ ಕುಂಕುಮ ಹಚ್ಚಿದೆ. ನಿಮ್ಮ ಸಣ್ಣಜ್ಜ ಗಾಡಿಯ ಎದುರು ಕಾಯಿ ಒಡೆದು ಕಣ್ಣು ಮುಚ್ಚಿ ನಿಂತಾಗ, ಎಂಥ ನಟನೆ ಅನಿಸಿತು.

ಮಾರನೆಯ ದಿನ ಬಂದು ಹೇಳಿದರು, "ಅತ್ಗಿ, ಗಾಡಿ ಎಪ್ಪತ್ತ್ ದಾಟ್ರೆ ನಡುಗತ್ತ್."

 ಎರಡು ದಿನ ಬಿಟ್ಟು ನಿಮ್ಮ ಅಮ್ಮನ ಜೊತೆ ಪೇಟೆಯವರೆಗೆ ಅದರಲ್ಲೇ ಹೋದೆ. ಗಾಡಿ ಒಂದು ಎಲೆಯಷ್ಟೂ ಅಲುಗಲಿಲ್ಲ. ನಾನು ಕೂತಾಗ ನಡುಗದ ಗಾಡಿ ಅವರೊಬ್ಬರೇ ಇರುವಾಗ ಹೇಗೆ ನಡುಗುತ್ತದೆ? ಪೇಟೆಯ ರಸ್ತೆಯಲ್ಲಿ ಗಾಡಿ ನಲವತ್ತು ದಾಟುವುದಿಲ್ಲ ಎಂದು ನನಗೆ ಗೊತ್ತಿರಲಿಲ್ಲ. ನಾಲ್ಕು ದಿನ ಕಳೆದು, ಕೊಲ್ಲೂರಿಗೆ ಹೊರಟವರು ಹೆದರಿ ಅರ್ಧದಲ್ಲೇ ಇಳಿದು ಬೇರೆ ಗಾಡಿ ಮಾಡಿಕೊಂಡರು ಎಂದರು. ಅದೂ ಸುಳ್ಳೇ ಅಂದುಕೊಂಡೆ. ಗಾಡಿ ಕೆಟ್ಟಿದೆ ಎಂದು ಹೆಸರು ಹಬ್ಬಿಸಿ, ಬೆಲೆ ಇಳಿಸಿ, ತಾನೇ ಇಟ್ಟುಕೊಳ್ಳುವ ಉಪಾಯ.

ಅಣ್ಣನಿಗೆ ಹೇಳಿ ಕಳಿಸಿದೆ. ಅವನು ಕುಂದಾಪುರದ ಒಬ್ಬ ದಲ್ಲಾಳಿಯನ್ನು ಹಿಡಿದ. ಆದಿತ್ಯವಾರ ಬಂದು ಗಾಡಿ ನೋಡಿ ತೆಗೆದುಕೊಂಡು ಹೋಗುವುದೆಂದು ಮಾತಾಯಿತು. ಗಾಡಿ ಹೋದರೆ ನಿಮ್ಮ ಸಣ್ಣಜ್ಜನಿಗೆ ಈ ಮನೆಯಲ್ಲಿ ಕೆಲಸವಿಲ್ಲ, ಕೆಲಸವಿಲ್ಲದಿದ್ದರೆ ಜಾಗವಿಲ್ಲ. ನನಗೆ ಬೇಕಾಗಿದ್ದುದು ಅದೇ. ಮಕ್ಕಳೇ, ಇದನ್ನು ಬರೆಯುವಾಗ ಕೈ ನಿಲ್ಲುತ್ತದೆ, ಆದರೂ ಬರೆಯುತ್ತೇನೆ. ನಿಮ್ಮನ್ನು ಹೆಗಲ ಮೇಲೆ ಕೂರಿಸಿ ಸಮುದ್ರ ತೋರಿಸಿದ ಆ ಮನುಷ್ಯನನ್ನು ನಾನು ಮನೆಯಿಂದ ಹಾಕಲು ಹೊರಟಿದ್ದೆ.

ಗುರುವಾರ ಅವರು ಗಾಡಿಯನ್ನು ಮೇಸ್ತ್ರಿಗೆ ತೋರಿಸಿಕೊಂಡು ಬರುತ್ತೇನೆ ಎಂದರು. ಮೇಸ್ತ್ರಿ ಇವರ ಗೆಳೆಯ. ಇಬ್ಬರೂ ಸೇರಿ ಏನು ಮಾಡುತ್ತಾರೋ. ನಾನೂ ಬರುತ್ತೇನೆ ಅಂದೆ. ಸಣ್ಣಜ್ಜ ಬೆರಗಾಗಿ ನೋಡಿದರು. ಹೊರಡುವ ಮೊದಲು ನಾನು ಎಲೆಅಡಿಕೆಯ ಸುಣ್ಣದಲ್ಲಿ ಪ್ರತಿ ಟಯರಿಗೂ ಗುರುತು ಹಾಕಿದೆ. ಒಂದಕ್ಕೆ ಒಂದು ಚುಕ್ಕಿ, ಇನ್ನೊಂದಕ್ಕೆ ಎರಡು, ಹೀಗೆ ನಾಲ್ಕರವರೆಗೆ. ನನ್ನ ಹೊಸ ಟಯರು ತೆಗೆದು ಹಳೆಯದನ್ನು ಹಾಕಿದರೆ ಗೊತ್ತಾಗಬೇಕಲ್ಲ. ಸೀಸದ ಗಂಟನ್ನೂ ಕೈಚೀಲಕ್ಕೆ ಹಾಕಿಕೊಂಡೆ. ಮನೆಯಲ್ಲಿ ಬಿಟ್ಟುಹೋಗಲು ಧೈರ್ಯ ಬರಲಿಲ್ಲ.

"ಹ್ವಾಯ್, ಬನ್ನಿ ಬನ್ನಿ ಅಕ್ಕ" ಅಂದರು ಮೇಸ್ತ್ರಿ. ಆಮೇಲೆ ಬಾವಿಕಟ್ಟೆಗೆ ಹೋಗಿ ಕಾಲು ತೊಳೆದರು. ಬಂದು ಸಣ್ಣಜ್ಜನಿಗೆ, "ನೀ ಹಿಂದೆ ಕೂಕೊ. ಅಕ್ಕ ಮುಂದೆ ಕೂಕಣ್ಲಿ" ಅಂದರು.

"ಅತ್ಗಿಗೆ ಗಾಡಿ ವಿಷ್ಯ ಎಂತ ಗೊತ್ತಿತ್ತ್, ಮೇಸ್ತ್ರಿ?"

"ಗೊತ್ತಿಲ್ಲೆ ಅಂದೇಳಿಯೇ ಕೂರ್ಸುದ್. ನಿಂಗ್ ಗೊತ್ತಿತ್ತ್, ಹಾಂಗಾಯಿ ನೀ ಮೊದ್ಲೇ ಒಂದ್ ಕಥಿ ಕಟ್ಟಿ ಇಟ್ಕಂಡಿರ್ತಿ."

ಗಂಡಸರ ಪಕ್ಕ ಮುಂದಿನ ಸೀಟಿನಲ್ಲಿ ಅಲ್ಲಿಯವರೆಗೆ ನಾನು ಕೂತವಳಲ್ಲ. ಬಾಗಿಲಿಗೆ ಅಂಟಿಕೊಂಡು, ಚೀಲವನ್ನು ಮಡಿಲಲ್ಲಿ ಒತ್ತಿ ಹಿಡಿದು ಕೂತೆ. ಮೇಸ್ತ್ರಿ ಬರಿಗಾಲನ್ನು ನೆಲಕ್ಕೆ ಪೂರ್ತಿ ಊರಿ, ಸಮುದ್ರದ ಪಕ್ಕದ ಆ ನೇರ ರಸ್ತೆಗೆ ಗಾಡಿ ಬಿಟ್ಟರು.

ನಲವತ್ತು, ಐವತ್ತು, ಅರವತ್ತು. ಏನೂ ಇಲ್ಲ. ನಾನು ಕನ್ನಡಿಯಲ್ಲಿ ಸಣ್ಣಜ್ಜನ ಮುಖ ನೋಡಿದೆ, ಈಗ ಸಿಕ್ಕಿಬಿದ್ದೆಯಲ್ಲ ಎಂಬ ಹಾಗೆ. ಎಪ್ಪತ್ತು ದಾಟಿತು ನೋಡಿ, ಕನ್ನಡಿಯಲ್ಲಿನ ಅವರ ಮುಖವೇ ಕಾಣದ ಹಾಗೆ ಕನ್ನಡಿ ಅದುರಿತು. ಸ್ಟೇರಿಂಗು ಮೇಸ್ತ್ರಿಯ ಕೈಯಲ್ಲಿ ಜ್ವರ ಬಂದ ಮಗುವಿನ ಹಾಗೆ ನಡುಗುತ್ತಿತ್ತು. ಅಂದರೆ ನಡುಕ ನಿಜ. ಒಂದು ಸುಳ್ಳು ಕಡಿಮೆಯಾಯಿತು. ನನಗೆ ಸಮಾಧಾನವಾಗುವ ಬದಲು, ಹಾಗಾದರೆ ಮಾಟವೇ ಅನಿಸಿತು.

"ನಂಗ್ ಕೈಗ್ ಬತ್ತ್" ಅಂದರು ಮೇಸ್ತ್ರಿ. "ಅಕ್ಕ, ನಿಮ್ಗ್ ಎಲ್ಲಿ ಬತ್ತ್? ಕಾಲಿಗಾ, ಕುಂಡಿಗಾ?"

ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಹಿಂದಿನ ಸೀಟಿನಲ್ಲಿ ಸಣ್ಣಜ್ಜ ಕೆಮ್ಮಿದರು. ನಾನು ಕಿಟಕಿಯ ಹೊರಗೆ ನೋಡುತ್ತ, "ಕೂತಲ್ಲಿ... ಒಂಚೂರ್" ಅಂದೆ.

"ಹಾಂಗಾರೆ ಕುಂಡಿಗೆ, ಒಂಚೂರ್" ಅಂದರು ಅವರು, ಜ್ವರ ಎಷ್ಟಿದೆ ಎಂದು ಬರೆದುಕೊಳ್ಳುವ ಡಾಕ್ಟರ ಹಾಗೆ. ಅದೇ ವೇಗದಲ್ಲಿ ಗೇರು ತಪ್ಪಿಸಿ ನ್ಯೂಟ್ರಲ್ಲಿಗೆ ಹಾಕಿದರು. ಇಂಜಿನ್ನಿನ ಸದ್ದು ಇಳಿಯಿತು. ನಡುಕ ಇಳಿಯಲಿಲ್ಲ. "ಇಂಜಿನ್ದ್ ತಪ್ಪಿಲ್ಲೆ. ಅದ್ನ ಬಿಡ್." ಮತ್ತೆ ವೇಗ ಹಿಡಿದು ಮೆಲ್ಲ ಬ್ರೇಕು ಒತ್ತಿದರು. ನಡುಕ ಹೆಚ್ಚಾಗಲಿಲ್ಲ. "ಬ್ರೇಕಿಂದೂ ತಪ್ಪಿಲ್ಲೆ. ಅದ್ನೂ ಬಿಡ್."

ಅವರು ಹೀಗೆ ಬಿಡುತ್ತ ಹೋಗುವುದನ್ನು ನಾನು ನೋಡುತ್ತಿದ್ದೆ. ಮೇಸ್ತ್ರಿಯೂ ನನ್ನ ಹಾಗೆ ಅನುಮಾನದ ಮನುಷ್ಯನೇ. ಗಾಡಿಯ ಒಂದು ಬೋಲ್ಟನ್ನೂ ನಂಬುತ್ತಿರಲಿಲ್ಲ. "ಕೆಮಿ ಮೋಸ ಮಾಡತ್ತ್, ಕಾಲ್ ಮಾಡ್ತಿಲ್ಲೆ" ಎಂದು ತಮ್ಮ ಕಿವಿಯನ್ನೇ ನಂಬದವರು. ಆದರೆ ತಪ್ಪಿಲ್ಲ ಎಂದು ಕಂಡ ಮೇಲೆ ಅದನ್ನು ಬಿಟ್ಟುಬಿಡುತ್ತಿದ್ದರು, ಮತ್ತೆ ಅದರ ಕಡೆ ತಿರುಗುತ್ತಿರಲಿಲ್ಲ. ನಾನು ಯಾರನ್ನೂ ಬಿಟ್ಟವಳಲ್ಲ. ಈ ವ್ಯತ್ಯಾಸ ನನಗೆ ಹೊಳೆದದ್ದು ಎಷ್ಟೋ ವರ್ಷದ ಮೇಲೆ.

"ಯಾವತ್ತಿಂದ ಹೀಂಗೆ?" ಕೇಳಿದರು.

"ಪೂಜಿ ಮಾರನೇ ದಿನ್ದಿಂದ" ಅಂದರು ಸಣ್ಣಜ್ಜ.

"ಚಕ್ರ ಭಾರೀ ಚೊಕ್ಕ ಇತ್ತಲೆ. ತೊಳ್ದದ್ದ್ ಯಾರ್?"

"ನಾನೇ" ಅಂದೆ. ಆ ಒಂದು ಮಾತು ಮಾತ್ರ ಗಟ್ಟಿಯಾಗಿ ಬಂತು.

ಗ್ಯಾರೇಜಿಗೆ ಬಂದು ಜಾಕು ಕೊಟ್ಟು ಚಕ್ರ ಬಿಚ್ಚತೊಡಗಿದರು. ಒಂದು ಬದಿಯ ಮುಂದಿನದನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ. ಈಗ ಶುರುವಾಯಿತು ಆಟ ಎಂದು ನಾನು ಸ್ಟೂಲಿನಿಂದ ಎದ್ದು ಹತ್ತಿರ ಹೋಗಿ ನಿಂತೆ. ಸುಣ್ಣದ ಚುಕ್ಕಿಯ ಮೇಲೆ ಅವರ ಹೆಬ್ಬೆರಳು ನಿಂತಿತು. ಉಳಿದ ಮೂರನ್ನೂ ನೋಡಿದರು. ಕಡೆಗೆ ನನ್ನನ್ನು ನೋಡಿದರು. ಯಾಕೆ ಹಾಕಿದ್ದು ಎಂದು ಅವರಿಗೆ ಗೊತ್ತಾಯಿತು, ಗೊತ್ತಾದದ್ದು ನನಗೂ ಗೊತ್ತಾಯಿತು.

"ಒಳ್ಳೇದಾಯ್ತ್ ಅಕ್ಕ" ಅಂದರು. "ಯಾವ್ ಚಕ್ರ ಎಲ್ಲಿತ್ತ್ ಅಂದೇಳಿ ನಾನ್ ಸೀಮೆಸುಣ್ಣದಗೆ ಬರಿಯುದ್ ತಪ್ತ್."

ಮತ್ತೆ ಅದೇ ರಸ್ತೆ, ಮತ್ತೆ ಎಪ್ಪತ್ತು. ಈ ಸಲ ಸ್ಟೇರಿಂಗು ಸುಮಾರು ಸುಮ್ಮನಿತ್ತು. ಆದರೆ ನನ್ನ ಅಡಿಯಿಂದ ಯಾರೋ ಜರಡಿ ಹಿಡಿದ ಹಾಗೆ ಅಲುಗಿಸತೊಡಗಿದರು. "ಈಗ್ಳ್?" ಅಂದರು ಮೇಸ್ತ್ರಿ. ನಾನು ಎಲ್ಲ ಮರೆತು, "ಈಗ್ಳ್ ಕುಂಡಿಗೇ ಜಾಸ್ತಿ!" ಎಂದುಬಿಟ್ಟೆ.

ಸಣ್ಣಜ್ಜ ನಗು ತಡೆಯಲಾಗದೆ ಮುಂದಿನ ಸೀಟಿಗೆ ಹಣೆ ಹಚ್ಚಿದರು. ಮೇಸ್ತ್ರಿ ನಗಲಿಲ್ಲ. "ಎರಡ್ ಚುಕ್ಕಿ ಚಕ್ರ ಮುಂದೆ ಇಪ್ಪು ಹೊತ್ತಿಗೆ ನಡುಕ ಕೈಗ್ ಬಂತ್. ಹಿಂದೆ ಹಾಕದ್ದೇ ಕುಂಡಿಗ್ ಹೋಯ್ತ್. ಚಕ್ರ ಹೋದಲ್ಲಿ ನಡುಕ ಹೋತ್ತ್. ಕಳ್ಳ ಚಕ್ರದಗೇ ಇದ್ದ" ಅಂದರು.

ಗ್ಯಾರೇಜಿನ ಮೂಲೆಯಲ್ಲಿ ಒಂದು ಕಬ್ಬಿಣದ ಕಂಬ ಹುಗಿದು, ಅದಕ್ಕೆ ಹಳೆಯ ಗಾಡಿಯ ಅಚ್ಚು ಕೂರಿಸಿದ್ದರು. ಎರಡು ಚುಕ್ಕಿಯ ಚಕ್ರವನ್ನು ಅದಕ್ಕೆ ಸಿಕ್ಕಿಸಿ ಮೆಲ್ಲ ತಿರುಗಿಸಿ ಕೈ ಬಿಟ್ಟರು. ತಿರುಗಿ ತಿರುಗಿ ನಿಧಾನವಾಗಿ, ಹಿಂದೆ ಮುಂದೆ ತೂಗಿ, ನನ್ನ ಸುಣ್ಣದ ಚುಕ್ಕಿ ಕೆಳಗೆ ಬಂದು ನಿಂತಿತು. ಮತ್ತೆ ತಿರುಗಿಸಿದರು. ಮತ್ತೆ ಅಲ್ಲೇ. ಮೂರನೆಯ ಸಲವೂ ಅಲ್ಲೇ.

"ಸಮ ಇಪ್ಪು ಚಕ್ರ ಎಲ್ಲಿ ಬಿಟ್ರೂ ಅಲ್ಲೇ ನಿಂತ್ಕಣ್ಕ್. ಇದ್ ಒಂದ್ ಬದಿಗ್ ಭಾರ. ಭಾರ ಇಪ್ಪು ಚಕ್ರ ಮೆಲ್ಲ ಹೋಪತ್ತಿಗೆ ಗೊತ್ತಾತಿಲ್ಲೆ, ಬಿರ್ಸ್ ಹೋಪತ್ತಿಗೆ ಕುಣಿತ್ತ್" ಅಂದವರು ಅಂಚಿನ ಸುತ್ತ ಬೆರಳಾಡಿಸಿದರು. ಬೆರಳು ನಿಂತಿತು. "ಹ್ವಾಯ್, ಇಲ್ಲಿ ನಾನ್ ಕೂರ್ಸಿದ್ ಸೀಸ ಎಲ್ಲಿ?"

ನಾನು ಚೀಲವನ್ನು ಇನ್ನೂ ಒತ್ತಿ ಹಿಡಿದೆ.

ಉಳಿದ ಮೂರನ್ನೂ ನೋಡಿದರು. "ಒಂದೂ ಇಲ್ಲೆ. ಆರೂ ಇಲ್ಲೆ." ಒಂದು ಡಬ್ಬಿಯಿಂದ ಸೀಸದ ತುಂಡು ತೆಗೆದು ಅಂಗೈಯಲ್ಲಿ ಇಟ್ಟು ಸಣ್ಣಜ್ಜನ ಮುಖದ ಹತ್ತಿರ ಹಿಡಿದರು. ಅದೇ ಆಕಾರ. ಮೇಲೆ ಅದೇ ಇಪ್ಪತ್ತು. "ಟಯರ್ ಹಾಕತ್ತಿಗೆ ಕಡ್ಮಿ ಇದ್ದ್ ಬದಿಗೆ ತೂಕ ಕಂಡ್ಕಂಡ್ ಕೂರ್ಸಿದ್ದೆ. ಎಂತ ಮಾಡ್ದೆ ಮಾರಾಯ? ಬಲಿಗ್ ಕಟ್ಟುಕೆ ಯಾರಿಗಾರೂ ಕೊಟ್ಯಾ?"

ಬೀಸುಬಲೆಯ ಅಂಚಿಗೆ ಸೀಸ ಬೇಕು. ಗಾಡಿಯ ಚಕ್ರದಿಂದ ಕಿತ್ತುಕೊಂಡು ಹೋಗುವವರು ನಮ್ಮ ಕಡೆ ಇದ್ದರು.

"ದೇವ್ರಾಣಿ ಇಲ್ಲೆ ಮೇಸ್ತ್ರಿ! ಅಣ್ಣನ ಗಾಡಿ ಅದ್. ನಾನ್ ಅದ್ರ ಸೀಸ ಕಿತ್ತ್ ಕೊಡ್ತ್ನಾ?"

"ಮತ್ತ್ ಅದಕ್ಕೆ ಕಾಲ್ ಬಂತಾ?"

ಸಣ್ಣಜ್ಜನ ಮುಖ ಕೆಂಪೇರಿತು. ಅವರು ನನ್ನ ಕಡೆ ತಿರುಗಿದರು. ಅತ್ತಿಗೆ, ನೀವಾದರೂ ನಂಬುತ್ತೀರಲ್ಲ, ಎಂಬ ಮುಖ. ನಾನು ಬಾಯಿ ತೆರೆಯಬೇಕಾದ ಹೊತ್ತು ಅದೇ. ಗಂಟು ಚೀಲದಲ್ಲೇ ಇತ್ತು. ನಾನು ತಲೆ ತಗ್ಗಿಸಿದೆ. ನಾಚಿಕೆಯವಳು ಎಂದು ಊರೆಲ್ಲ ನನಗೆ ಒಳ್ಳೆಯ ಹೆಸರು. ಆ ದಿನ ನಾಚಿಕೆಯಲ್ಲ ಅದು.

ಮೇಸ್ತ್ರಿ ಮತ್ತೆ ಚಕ್ರದ ಕಡೆ ಬಗ್ಗಿದರು. ಸೀಸ ಇದ್ದ ಜಾಗದಲ್ಲಿ ಎರಡು ಸಣ್ಣ ಗೀರು. ಉಗುರಿನಿಂದ ಗೀರನ್ನು ಕೆರೆದರು. ಉಗುರ ತುದಿಗೆ ಹಳದಿ ಬಂತು. ಅರಸಿನ. ಗೀರಿನ ಮೇಲಲ್ಲ, ಗೀರಿನ ಒಳಗೆ. ಅರಸಿನ ಹಚ್ಚುವ ಮೊದಲೇ ಯಾರೋ ಕತ್ತಿಯಲ್ಲಿ ಮೀಟಿದ್ದಾರೆ. ತೊಳೆದವರು ಯಾರೆಂದು ಅವರಿಗೆ ಆಗಲೇ ಗೊತ್ತಿತ್ತು. ಉಗುರನ್ನು ನೋಡಿದರು. ನನ್ನನ್ನು ನೋಡಲಿಲ್ಲ, ನನ್ನ ಕೈಯನ್ನು ನೋಡಿದರು. ಅದು ಚೀಲವನ್ನು ಹಿಚುಕಿ ಹಿಡಿದಿತ್ತು. ಉಗುರನ್ನು ಪ್ಯಾಂಟಿಗೆ ಒರೆಸಿಕೊಂಡು ಎದ್ದುನಿಂತರು.

"ತಪ್ಪ್ ನಂದೇ" ಅಂದರು. "ಆ ದಿನ ಅವಸ್ರದಗೆ ಸೀಸ ಸಮ ಕೂರ್ಸ್ಲಿಲ್ಲೆ ಕಾಣತ್ತ್. ಉದ್ರಿ ಹೋಯ್ತ್. ನಿಂದೆಂತ ತಪ್ಪಿಲ್ಲೆ ಮಾರಾಯ."

ಸಣ್ಣಜ್ಜ ಸುಮ್ಮನಾಗಲಿಲ್ಲ. "ಕಂಡ್ರ್ಯಾ ಅತ್ಗಿ! ತಾನ್ ಮಾಡಿ ನನ್ನ ಕಳ್ಳ ಅಂದ್ರ್!" ಎಂದು ಕೂಗಾಡಿದರು. ಮೇಸ್ತ್ರಿ ಬೈಸಿಕೊಂಡು ನಿಂತರು. "ಹೋಯಿ ಎದ್ರ್ ಬದಿಯಗೆ ಮೂರ್ ಚಾ ಹೇಳಿ ಬಾ, ಸಿಟ್ಟ್ ಇಳಿತ್ತ್" ಎಂದು ಅವರನ್ನು ರಸ್ತೆಯಾಚೆಗೆ ಕಳಿಸಿದರು.

ಅವರು ರಸ್ತೆ ದಾಟುವವರೆಗೆ ಕಾದು, ಮೆಲ್ಲ ಕೇಳಿದರು. "ಚೀಲದಗೆ ಇತ್ತಾ ಅಕ್ಕ?"

ನಾನು ಗಂಟು ಬಿಚ್ಚಿದೆ. ಬಾಯಿಂದ ಬಂದದ್ದು ಒಂದೇ ಮಾತು. "ಅದ್ರ ಮೇಲೆ ಬರ್ದದ್ದ್ ಎಂತ?"

"ಇಪ್ಪತ್ ಗ್ರಾಂ. ತೂಕ, ಅಷ್ಟೇ." ಗಂಟನ್ನು ನೋಡಿ, "ಮಾಟ ಅಂದೇಳಿ ಎಣ್ಸಿದ್ರ್ಯಾ?" ಅಂದರು.

ತಲೆಯಾಡಿಸಿದೆ. ಅವರು ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. ಗಾಡಿಯ ಕಡೆ ನೋಡುತ್ತ ಹೇಳಿದರು. "ಟಯರ್ ಹಾಕ್ಸುಕೆ ಬಂದಾಗ ಸೀಸ ಬ್ಯಾಡ, ನಮ್ಮ ಸ್ಪೀಡಿಗೆ ಎಂತಕೆ ಅಂದಿದ್ದೆ ನಾನ್. ಅವ ಕೇಣ್ಲಿಲ್ಲೆ. 'ಅತ್ಗಿ, ಅಣ್ಣನ್ ಮಗ್ಳ್ ಕೂಕಂಬು ಗಾಡಿ, ಒಂಚೂರೂ ನಡುಗುಕಾಗ' ಅಂದ. ಅದಕ್ಕೇ ಕೂರ್ಸದ್."

ನಾನು ಅಳತೊಡಗಿದೆ. "ಅವ್ರಿಗ್ ಹೇಳ್ಬೇಡಿ" ಅಂದೆ.

"ನಾನ್ ಹೇಳ್ತಿಲ್ಲೆ. ನಿಮ್ಗ್ ಯಾವಾಗ ಆತ್ತೋ ಆಗ ನೀವೇ ಹೇಳಿ."

ಗಂಟಿನಲ್ಲಿದ್ದ ಸೀಸವನ್ನು ಅವರಿಗೆ ಕೊಟ್ಟೆ. ಎಷ್ಟು ಕೊಟ್ಟೆ ಗೊತ್ತಾ ಮಕ್ಕಳೇ? ಐದು. ಒಂದನ್ನು ಮುಷ್ಟಿಯಲ್ಲೇ ಇಟ್ಟುಕೊಂಡೆ, ಜೋಯಿಸರಿಗೆ ಒಮ್ಮೆ ತೋರಿಸಿಬಿಡೋಣ ಎಂದು. ಅಷ್ಟೆಲ್ಲ ಕೇಳಿ, ಅತ್ತು, ಆಮೇಲೂ! ಅವರು ಐದನ್ನೇ ತೆಗೆದುಕೊಂಡು, ಆರನೆಯದರ ಬದಲಿಗೆ ತಮ್ಮ ಡಬ್ಬಿಯದನ್ನು ಹಾಕಿದರು. ಕೇಳಲಿಲ್ಲ.

ವಾಪಸು ಬರುವಾಗ ಅದೇ ನೇರ ರಸ್ತೆಯಲ್ಲಿ ಸಣ್ಣಜ್ಜ ಎಂಬತ್ತಕ್ಕೆ ಬಿಟ್ಟರು. ಕನ್ನಡಿಯಲ್ಲಿ ಅವರ ಮುಖ ಅಲುಗದೆ ನಿಂತಿತ್ತು. ನಾನು ನೋಡಲಾರದೆ ಸಮುದ್ರದ ಕಡೆ ತಿರುಗಿದೆ. ಜೋಯಿಸರ ಹತ್ತಿರ ಹೋಗಲಿಲ್ಲ. ದಲ್ಲಾಳಿಗೆ ಬರಬೇಡಿ ಎಂದು ಹೇಳಿ ಕಳಿಸಿದೆ. ಸಣ್ಣಜ್ಜ ಈ ಮನೆಯಲ್ಲೇ ಉಳಿದರು. ನಿಮ್ಮ ಅಮ್ಮನ ಕಾಲೇಜು, ಮದುವೆ, ಎಲ್ಲ ಆ ಗಾಡಿಯ ದುಡಿಮೆಯಲ್ಲೇ ಆಯಿತು.

ಆದರೆ ಮೇಸ್ತ್ರಿಗೆ ಏನಾಯಿತು ಎಂಬುದನ್ನು ಹೇಳದೆ ನಿಲ್ಲಿಸಿದರೆ ನಾನು ಮತ್ತೆ ತಲೆ ತಗ್ಗಿಸಿದ ಹಾಗೆ. ಸಣ್ಣಜ್ಜನಿಗೆ ಅವಮಾನವಾಗಿತ್ತಲ್ಲ, ಅವರು ಸ್ಟೇಷನ್ನಿನ ಡ್ರೈವರುಗಳ ಎದುರು ಕಥೆಯನ್ನೆಲ್ಲ ಹೇಳಿದರು. ಶಿರೂರಿನಿಂದ ಕುಂದಾಪುರದವರೆಗೆ ಹರಡಿತು. ಒಂದು ದಿನ ನಾನು ಹಿಂದಿನ ಸೀಟಿನಲ್ಲಿದ್ದಾಗಲೇ ಒಬ್ಬ ಡ್ರೈವರ್ ಗ್ಯಾರೇಜಿನ ಎದುರು ಗಾಡಿ ನಿಧಾನ ಮಾಡಿ, "ಹ್ವಾಯ್ ಮೇಸ್ತ್ರಿ, ಈ ಸಲಿ ಹಾಕದ್ದ್ ಊರಿಗ್ ಹೋಪಲ್ಲಿವರಿಗಾರೂ ನಿಲ್ಲತ್ತಾ?" ಎಂದು ಕೂಗಿದ. "ಈ ಸಲಿ ಹಲ್ಸಿನ್ ಅಂಟ್ ಹಾಕಿದ್ದೆ, ಹೆದ್ರ್ಬೇಡ" ಎಂದು ಮೇಸ್ತ್ರಿ ನಕ್ಕು ಒಳಗೆ ಹೋದರು. ಕುಂದಾಪುರದಲ್ಲಿ ಚಕ್ರ ತೂಗುವ ಮಿಷನ್ನು ಬಂದ ಮೇಲೆ ಕೆಲವರು ಅವರ ಕಂಬವನ್ನು ಬಿಟ್ಟು ಅಲ್ಲಿಗೇ ಹೋದರು. ಮಿಷನ್ನು ಬಂದದ್ದರಿಂದಲೇ ಹೋದರೋ, ನನ್ನಿಂದ ಹೋದರೋ, ನನಗೆ ಗೊತ್ತಿಲ್ಲ. ಒಂದು ಬೋಲ್ಟನ್ನು ಸಡಿಲ ಬಿಟ್ಟು ಊಟಕ್ಕೆ ಕೂತವರಲ್ಲ ಆ ಮನುಷ್ಯ.

ಎಷ್ಟೋ ವರ್ಷ, ನಮ್ಮ ಗಾಡಿ ಹೋದಾಗಲೆಲ್ಲ ಕಿಟಕಿಯ ಹತ್ತಿರ ಬಂದು ಒಂದೇ ಮಾತು ಕೇಳುತ್ತಿದ್ದರು. "ಆಯ್ತಾ ಅಕ್ಕ?" ಸಣ್ಣಜ್ಜ ಊಟದ ವಿಷಯ ಅಂದುಕೊಳ್ಳುತ್ತಿದ್ದರು. "ಇಲ್ಲೆ" ಅನ್ನುತ್ತಿದ್ದೆ ನಾನು. "ಆಯ್ಲಿ, ಅವಸ್ರ ಇಲ್ಲೆ" ಅನ್ನುತ್ತಿದ್ದರು. ಬೇಸರದ ಒಂದು ಗೆರೆಯೂ ಮುಖದಲ್ಲಿ ಕಾಣುತ್ತಿರಲಿಲ್ಲ. ನಾನು ಹುಡುಕಿದ್ದೇನೆ, ಹುಡುಕುವುದು ನನ್ನ ಚಾಳಿ.

ಹೆದ್ದಾರಿ ಅಗಲವಾಗುವಾಗ ಗ್ಯಾರೇಜಿನ ಮುಂಭಾಗ ಹೋಯಿತು. ಆ ಮೇಲೆ ಅವರು ಕಾಯಿಲೆ ಬಿದ್ದರು. ನೋಡಲು ಹೋದಾಗ ಸಣ್ಣಜ್ಜ ಹೊರಗೆ ಅವರ ಮಗನ ಹತ್ತಿರ ಮಾತಾಡುತ್ತಿದ್ದರು. ಮೇಸ್ತ್ರಿ ಕಣ್ಣು ತೆರೆದು ನನ್ನನ್ನು ಗುರುತು ಹಿಡಿದು, "ಆಯ್ತಾ?" ಅಂದರು. ನಾನು ಇಲ್ಲ ಎಂದು ತಲೆಯಾಡಿಸಿದೆ. ಅವರು ಕೈಯನ್ನು ಸ್ವಲ್ಪ ಎತ್ತಿ ಇಳಿಸಿದರು, ಆಯ್ಲಿ ಎಂಬ ಹಾಗೆ. ಹನ್ನೊಂದು ದಿನ ಕಳೆದು ತೀರಿಕೊಂಡರು. ಅಂಗಳದಲ್ಲಿ ಮಲಗಿಸಿದ್ದಾಗ ಬಟ್ಟೆಯ ಹೊರಗೆ ಆ ಬಿಳಿ ಅಂಗಾಲು ಕಾಣುತ್ತಿತ್ತು. ಎಲ್ಲರೂ ಕಾಲು ಮುಟ್ಟಿ ನಮಸ್ಕಾರ ಮಾಡುವಾಗ ನಾನೂ ಮುಟ್ಟಿದೆ.

ಬರುವ ದಾರಿಯಲ್ಲಿ ಸಣ್ಣಜ್ಜ ಹೇಳಿದರು. "ಒಳ್ಳೆ ಮನ್ಶ. ಕೆಲ್ಸವೂ ಒಳ್ಳೇದ್. ಆ ಒಂದ್ ಸಲಿ ಸೀಸದ್ ವಿಷ್ಯದಗೆ ಮಾತ್ರ ತಪ್ಪಿದ್ರ್."

ಆಗಲೂ ನಾನು ಕಿಟಕಿಯ ಹೊರಗೆ ನೋಡಿದೆ.

ಈಗ ಈ ವಿಷಯ ಗೊತ್ತಿರುವವರು ಯಾರೂ ಉಳಿದಿಲ್ಲ. ಸುಮ್ಮನಿದ್ದರೆ ನನ್ನ ಜೊತೆಗೇ ಹೋಗುತ್ತದೆ. ಅದಕ್ಕೇ ಬರೆದೆ. ಸಣ್ಣಜ್ಜನಿಗೆ ಕಣ್ಣು ಮಂಜು, ಓದಲಾಗುವುದಿಲ್ಲ. ರಜೆಗೆ ಬಂದಾಗ ಅವರನ್ನು ಜಗುಲಿಯಲ್ಲಿ ಕೂರಿಸಿ, ನೀವಿಬ್ಬರೂ ಇದನ್ನು ಗಟ್ಟಿಯಾಗಿ ಓದಿ ಹೇಳಿ. ಒಂದು ಸಾಲನ್ನೂ ಬಿಡಬೇಡಿ, ಅವರು ನಕ್ಕರೂ, ಬೈದರೂ, ಎದ್ದು ಹೋದರೂ. ನಾನು ಅಡುಗೆಮನೆಯ ಬಾಗಿಲ ಹಿಂದೆ ಇರುತ್ತೇನೆ. ಕರೆದರೆ ಬರುತ್ತೇನೆ.

ಓದಿದ ಮೇಲೆ ಈ ಹಾಳೆಗಳನ್ನು ಜೋಪಾನ ಮಾಡಿ. ಜೊತೆಗೆ ಬಟ್ಟೆಯಲ್ಲಿ ಕಟ್ಟಿರುವುದು ಆರನೆಯ ಸೀಸ. ಚಕ್ರದ ಅಂಚಿಗೆ ಕಚ್ಚುವ ಅದರ ಕೊಂಡಿ ಇನ್ನೂ ಗಟ್ಟಿ ಇದೆ, ಬೆರಳಿನಿಂದ ಒತ್ತಿ ನೋಡಿ. ಮುಂದೆ ಯಾರಾದರೂ ಕೇಳಿದರೆ, ಮೇಸ್ತ್ರಿ ಕೂರಿಸಿದ್ದು ಉದುರಿದ್ದಲ್ಲ, ನಮ್ಮ ಅಜ್ಜಿ ಕಿತ್ತದ್ದು ಎಂದು ತೋರಿಸಲು ಬೇಕಾಗುತ್ತದೆ.